ಅವ್ವನ ರೊಟ್ಟಿ ವ್ಯಾಪಾರಕ್ಕೆ ವೆಬ್‌ಸೈಟ್ ಮಾಡಿಸಬೇಕಾ? 45 ಸಾವಿರ ಕೇಳ್ತಿದ್ದಾರೆ

ಬಾದಾಮಿ_ಹುಡುಗಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ.

ನಮ್ಮೂರು ಬಾದಾಮಿ ತಾಲ್ಲೂಕಿನ ಒಂದು ಹಳ್ಳಿ. ನಾನು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿದ್ದೇನೆ. ಅವ್ವ ಮತ್ತು ಅವಳ ಸಂಘದ ಇನ್ನೂ ಐದು ಜನ ಸೇರಿ ನಾಲ್ಕು ವರ್ಷದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಮಾಡಿ ಮಾರುತ್ತಾರೆ. ಮೊದಲು ಊರಿನ ಮದುವೆ, ಕುಬಸ, ಅಷ್ಟೇ ಇತ್ತು. ನಾನು ಪಿಜಿಯಲ್ಲಿದ್ದಾಗ ಒಂದು ಡಬ್ಬಿ ತಂದು ಗೆಳತಿಯರಿಗೆ ಕೊಟ್ಟೆ, ಅಲ್ಲಿಂದ ಒಬ್ಬರಿಂದ ಒಬ್ಬರಿಗೆ ಹಬ್ಬಿ ಈಗ ಬೆಂಗಳೂರು, ಪುಣೆಯಿಂದಲೂ ವಾಟ್ಸ್ಆ್ಯಪ್‌ನಲ್ಲಿ ಆರ್ಡರ್ ಬರುತ್ತೆ. ವಾರಕ್ಕೆ ಸುಮಾರು 1,200 ರೊಟ್ಟಿ ಹೋಗುತ್ತೆ. ಒಂದಕ್ಕೆ 8 ರೂಪಾಯಿ.

ಕಷ್ಟ ಏನಂದ್ರೆ, ಎಲ್ಲ ವಾಯ್ಸ್ ಮೆಸೇಜ್. ಅವ್ವನಿಗೆ ಓದಲು ಬರುತ್ತೆ, ಟೈಪ್ ಮಾಡು ಅಂದ್ರೆ ಮಾತ್ರ ಫೋನನ್ನು ನನ್ನ ಕೈಗೆ ಕೊಟ್ಟುಬಿಡುತ್ತಾಳೆ. ಹೋದ ದೀಪಾವಳಿಗೆ ಹುಬ್ಬಳ್ಳಿಯ ಒಂದು ಖಾನಾವಳಿಯವರು ನೂರು ರೊಟ್ಟಿ ಕೇಳಿದ್ದರು. ಅವರು ಬೈಕ್ ಮೇಲೆ ಹೋಗುತ್ತಾ ಮಾತಾಡಿದ್ದರಂತೆ, ಬರೀ ಗಾಳಿ ಸದ್ದು. ಅವ್ವನಿಗೆ ಮುನ್ನೂರು ಅಂತ ಕೇಳಿಸಿದೆ. ಆರೂ ಜನ ನಸುಕಿನಲ್ಲಿ ಮೂರು ಗಂಟೆಗೆ ಎದ್ದು ಬಡಿದರು. ಉಳಿದ ಇನ್ನೂರು ರೊಟ್ಟಿ ಆರು ಮನೆಗೆ ಹಂಚಿಕೆಯಾಗಿ, ನಾವು ಹಬ್ಬದಲ್ಲಿ ಹೋಳಿಗೆ ಬಿಟ್ಟು ರೊಟ್ಟಿ ಒಗ್ಗರಣೆ ತಿಂದೆವು.

ಈಗ ಪರಿಚಯದ ಹುಡುಗನೊಬ್ಬ ವೆಬ್‌ಸೈಟ್ ಮಾಡಿಕೊಡ್ತೀನಿ, 45 ಸಾವಿರ ಆಗುತ್ತೆ ಅಂತಿದ್ದಾನೆ. ಆ್ಯಪ್ ಆದ್ರೆ ಇನ್ನೂ ಜಾಸ್ತಿ. ಇಲ್ಲಾಂದ್ರೆ ದೊಡ್ಡ ಶಾಪಿಂಗ್ ಆ್ಯಪ್‌ಗಳಲ್ಲಿ ಹಾಕಬೇಕಾ? ತಂತ್ರಜ್ಞಾನದಿಂದ ಹೆಣ್ಣುಮಕ್ಕಳ ವ್ಯಾಪಾರ ಬೆಳೆಯುತ್ತೆ ಅಂತ ಎಲ್ಲ ಕಡೆ ಬರೀತಾರೆ. ಎಲ್ಲಿಂದ ಶುರು ಮಾಡಬೇಕು ಅಂತ ಒಬ್ಬರೂ ಬರೆಯಲ್ಲ. ನಿಮ್ಮಲ್ಲಿ ಯಾರಾದರೂ ಮಾಡಿ ನೋಡಿದವರು ಹೇಳಿ.

ಧಾರವಾಡ_ಹೋಳಿಗೆ_ಅಕ್ಕ

ತಂಗಿ, 45 ಸಾವಿರ ಕೊಡಬೇಡ. ಮೊದಲು ಇದನ್ನ ಹೇಳಿ ಆಮೇಲೆ ಮಿಕ್ಕಿದ್ದು ಬರೀತೀನಿ.

ನಾನು ವೆಬ್‌ಸೈಟ್ ಮಾಡಿಸಿಯೇ ಕೈ ಸುಟ್ಟುಕೊಂಡವಳು. ಎರಡು ವರ್ಷದಲ್ಲಿ ಅದರಿಂದ ಬಂದಿದ್ದು ಹನ್ನೊಂದು ಆರ್ಡರ್, ಅದರಲ್ಲಿ ನಾಲ್ಕು ನನ್ನ ನಾದಿನಿಯದ್ದೇ. ಬೆಲ್ಲದ ರೇಟು ಏರಿತು, ಹೋಳಿಗೆಗೆ ಎರಡು ರೂಪಾಯಿ ಜಾಸ್ತಿ ಮಾಡಬೇಕು ಅಂದ್ರೆ ವೆಬ್‌ಸೈಟ್ ಮಾಡಿಕೊಟ್ಟ ಹುಡುಗನಿಗೆ ಫೋನ್ ಮಾಡಬೇಕಿತ್ತು, ಅವನು ಎತ್ತುತ್ತಿರಲಿಲ್ಲ. ವರ್ಷ ವರ್ಷ ವೆಬ್‌ಸೈಟಿನ ಹೆಸರು ಉಳಿಸಿಕೊಳ್ಳೋಕೆ ಬೇರೆ ದುಡ್ಡು.

ನಿಮ್ಮ ಗಿರಾಕಿಗಳು ಇರೋದು ವಾಟ್ಸ್ಆ್ಯಪ್‌ನಲ್ಲಿ. ಅವರನ್ನ ಅಲ್ಲಿಂದ ಎಬ್ಬಿಸಿ ಬೇರೆ ಕಡೆ ಯಾಕೆ ಕರೆದುಕೊಂಡು ಹೋಗ್ತೀಯ? ವಾಟ್ಸ್ಆ್ಯಪ್ ಬಿಸಿನೆಸ್ ಅಂತ ಬೇರೆ ಆ್ಯಪ್ ಇದೆ, 2018ರಿಂದಲೇ ಇದೆ, ಪುಕ್ಕಟೆ. ಅದರಲ್ಲಿ ಕ್ಯಾಟಲಾಗ್ ಅಂತ ಬರುತ್ತೆ. ರೊಟ್ಟಿ, ಚಟ್ನಿ ಒಂದೊಂದರ ಫೋಟೋ, ಬೆಲೆ ಹಾಕು. ಗಿರಾಕಿ ಚಿತ್ರ ಒತ್ತಿ ಎಷ್ಟು ಬೇಕು ಅಂತ ಹಾಕಿ ಕಳಿಸಿದರೆ ನಿಮಗೆ ಅಂಕಿಯಲ್ಲೇ ಬರುತ್ತೆ. ನೂರೋ ಮುನ್ನೂರೋ ಅನ್ನೋ ಪಂಚಾಯ್ತಿ ಅಲ್ಲಿಗೆ ಮುಗೀತು. ಯಾರಾದರೂ ಹಟ ಮಾಡಿ ಮಾತಿನಲ್ಲೇ ಕಳಿಸಿದರೆ, ಅವ್ವ ತಿರುಗಿ ಮಾತಿನಲ್ಲೇ ಕೇಳಲಿ: "ಒಂದು ಸೊನ್ನೆ ಸೊನ್ನೆ, ಹೌದಲ್ರಿ?" ಅವರು ಹೂಂ ಅನ್ನೋವರೆಗೂ ಒಲೆ ಹಚ್ಚಬಾರದು.

ಇನ್ನೊಂದು, ಅದರಲ್ಲಿ ಲೇಬಲ್ ಇದೆ. ಪ್ರತಿ ಗಿರಾಕಿಗೆ ಒಂದು ಬಣ್ಣ ಹಚ್ಚಬಹುದು. ನಮ್ಮ ಅತ್ತೆಗೆ ಒಂದಕ್ಷರ ಓದಲು ಬರಲ್ಲ. ಆದರೆ ಹಳದಿ ಅಂದ್ರೆ ದುಡ್ಡು ಬಂದಿಲ್ಲ, ಹಸಿರು ಅಂದ್ರೆ ಪಾರ್ಸೆಲ್ ಹೋಯ್ತು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. "ಆ ಹಳದಿ ಮೂರು ದಿನದಿಂದ ಹಳದಿನೇ ಅದ, ಫೋನ್ ಹಚ್ಚು" ಅಂತ ನನಗೇ ಹೇಳ್ತಾರೆ.

ಆಹಾರದ ನೋಂದಣಿ, ಅದೇ ಎಫ್‌ಎಸ್‌ಎಸ್‌ಎಐ, ಮಾಡಿಸಿದ್ದೀರಾ? ಅದೂ ಆನ್‌ಲೈನ್. ನಾನು ಮಾಡಿಸಿದಾಗ ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಇತ್ತು. ನಮ್ಮ ಓಣಿಯ ಸೈಬರ್ ಸೆಂಟರ್‌ನವನು ಅದಕ್ಕೇ 2,500 ಕೇಳಿದ್ದ. 14 ಅಂಕಿಯ ನಂಬರ್ ಕೊಡ್ತಾರೆ, ಪ್ಯಾಕೆಟ್ ಮೇಲೆ ಅದನ್ನ ಹಾಕಬೇಕು. ಮಾಡಿದ ತಾರೀಕು, ತೂಕ, ಏನೇನು ಹಾಕಿದ್ದೀರಿ ಅನ್ನೋದೂ ಇರಬೇಕು. ನೀನು ಟೆಸ್ಟಿಂಗ್ ಮಾಡುವವಳು, ಒಂದು ಭಾನುವಾರ ಕೂತರೆ ಆಗುತ್ತೆ.

ಈಗ ನನ್ನ ಪ್ರಶ್ನೆ. ಆ ವಾಟ್ಸ್ಆ್ಯಪ್ ನಂಬರ್ ಯಾರದು? ದುಡ್ಡು ಯಾರ ಖಾತೆಗೆ ಬೀಳುತ್ತೆ?

ಬಾದಾಮಿ_ಹುಡುಗಿ

ಅಕ್ಕಾ, ಬಣ್ಣದ ಲೇಬಲ್ ವಿಷಯ ಓದಿ ಅವ್ವನಿಗೆ ಆಗಲೇ ಫೋನ್ ಮಾಡಿ ಹೇಳಿದೆ.

ನಂಬರ್ ಅಪ್ಪನದು. ದುಡ್ಡು ತಮ್ಮನ ಖಾತೆಗೆ. ಮೊದಲು ಅವನ ಹತ್ತಿರ ಮಾತ್ರ ಯುಪಿಐ ಇತ್ತು, ಹಾಗೇ ಮುಂದುವರಿದುಬಿಟ್ಟಿದೆ. ಅವನು ಹುಬ್ಬಳ್ಳಿಯಲ್ಲಿ ಓದ್ತಿದ್ದಾನೆ. ಗಿರಾಕಿ "ಹಾಕೀನಿ ರೀ" ಅಂತಾರೆ, ಅವ್ವ ತಮ್ಮನಿಗೆ ಫೋನ್ ಮಾಡಿ "ಬಂತೇನೋ?" ಅಂತ ಕೇಳಬೇಕು. ಅವನು ಕ್ಲಾಸಿನಲ್ಲಿದ್ದರೆ ಎತ್ತಲ್ಲ. ಅಷ್ಟರಲ್ಲಿ ಹತ್ತೂವರೆ ಬಸ್ಸು ಹೋಗಿರುತ್ತೆ, ಪಾರ್ಸೆಲ್ ಕಟ್ಟೆ ಮೇಲೇ ಕೂತಿರುತ್ತೆ.

ನೀವು ಕೇಳಿದ್ದಕ್ಕೆ ಇನ್ನೊಂದು ನೆನಪಾಯ್ತು. ಹೋದ ವರ್ಷ ಹಿಟ್ಟು ನಾದುವ ಮಷೀನ್‌ಗೆ ಅಂತ ಅವ್ವ ಒಂದೂವರೆ ಲಕ್ಷ ಸಾಲಕ್ಕೆ ಬ್ಯಾಂಕಿಗೆ ಹೋಗಿದ್ದಳು. ಆರು ತಿಂಗಳ ಸ್ಟೇಟ್‌ಮೆಂಟ್ ತೆಗೆದು ನೋಡಿದರು. ಅದರಲ್ಲಿ ಇದ್ದದ್ದು ಗೃಹಲಕ್ಷ್ಮಿಯ 2,000 ರೂಪಾಯಿ, ಅದೂ ಬಂದಾಗ. "ನಿಮ್ಮ ವ್ಯಾಪಾರ ಎಲ್ಲಿದೆ ಅಮ್ಮ ಇದರಲ್ಲಿ?" ಅಂತ ಕೇಳಿದರಂತೆ. ವ್ಯಾಪಾರವೆಲ್ಲ ತಮ್ಮನ ಖಾತೆಯಲ್ಲಿತ್ತು. ಅವನು ವಿದ್ಯಾರ್ಥಿ, ಅವನಿಗೆ ರೊಟ್ಟಿ ಮಷೀನ್ ಸಾಲ ಯಾರು ಕೊಡ್ತಾರೆ? ಅವ್ವ ಸುಮ್ನೆ ಎದ್ದು ಬಂದಳು. ಆವತ್ತು ನನಗೂ ಇದು ಹೊಳೆಯಲಿಲ್ಲ, ಬ್ಯಾಂಕಿನವರನ್ನೇ ಬೈದುಕೊಂಡಿದ್ದೆ.

ನಿವೃತ್ತ_ಕ್ಯಾಷಿಯರ್

ನೋಡಮ್ಮ, ಕೌಂಟರ್ ಹಿಂದೆ ಮೂವತ್ತು ವರ್ಷ ಕೂತವನು ನಾನು. ನಿಮ್ಮ ಅವ್ವನದು ಒಬ್ಬರ ಕತೆ ಅಲ್ಲ.

ಬನಶಂಕರಿ ಗುಡಿ ಹತ್ತಿರ ಬುಟ್ಟಿ ಇಟ್ಟುಕೊಂಡು ರೊಟ್ಟಿ, ಪಲ್ಯ, ಮೊಸರು ಮಾರುವ ಹೆಣ್ಣುಮಕ್ಕಳನ್ನು ನೀನು ಚಿಕ್ಕಂದಿನಿಂದ ನೋಡಿರುತ್ತೀಯ. ಕಳೆದ ಸಲ ಹೋದಾಗ ಒಬ್ಬರ ಬುಟ್ಟಿಗೆ ಕ್ಯೂಆರ್ ಕೋಡ್ ಕಟ್ಟಿತ್ತು. ಭಾಳ ಖುಷಿಯಾಯ್ತು. ಸ್ಕ್ಯಾನ್ ಮಾಡಿದರೆ ಗಂಡಸಿನ ಹೆಸರು ಬಂತು. "ಯಾರಮ್ಮ ಇವರು?" ಅಂದೆ. "ನಮ್ಮ ಮೈದುನ ರೀ, ಸಂಜಿಕ ಕೊಡ್ತಾನ" ಅಂದರು. ರೊಟ್ಟಿ ಆಕೆಯದು, ಬಿಸಿಲು ಆಕೆಯದು, ಲೆಕ್ಕ ಮಾತ್ರ ಮೈದುನನ ಹೆಸರಲ್ಲಿ. ಮೈದುನ ಒಳ್ಳೆಯವನೇ ಇರಬಹುದು, ಸಂಜೆ ಪೈಸೆ ಪೈಸೆ ಕೊಡಬಹುದು. ಆದರೆ ನಾಳೆ ಆಕೆ ಬ್ಯಾಂಕಿಗೆ ಬಂದರೆ ನನ್ನ ಕಂಪ್ಯೂಟರಿಗೆ ಆಕೆ ವ್ಯಾಪಾರಸ್ಥೆ ಅಂತ ಗೊತ್ತೇ ಇರಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತಾವೇ ಬಳಸುವ ಸ್ವಂತ ಮೊಬೈಲ್ ಇದೆ ಅಂದ ಹೆಂಗಸರು ದೇಶದಲ್ಲಿ ನೂರಕ್ಕೆ 54. ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು 33. ಅದಾದ ಮೇಲೆ ಜಾಸ್ತಿ ಆಗಿರುತ್ತೆ. ಆದರೂ ಮನೆಯಲ್ಲಿ ಫೋನ್ ಇದೆ ಅನ್ನೋದೂ ಅವಳ ಹತ್ತಿರ ಫೋನ್ ಇದೆ ಅನ್ನೋದೂ ಬೇರೆ ಬೇರೆ.

ಹಾಗಾಗಿ ಮೊದಲ ಕೆಲಸ, ಅವ್ವನ ಆಧಾರ್ ಕೊಟ್ಟು ಅವ್ವನ ಹೆಸರಿಗೇ ಒಂದು ಸಿಮ್. ಆ ನಂಬರನ್ನು ಅವ್ವನ ಖಾತೆಗೆ ಜೋಡಿಸಿ. ಒಟಿಪಿ ಅವಳ ಕೈಗೇ ಬರಬೇಕು. ಸಂಘದ ಖಾತೆಗೆ ದಿನದ ವ್ಯಾಪಾರ ಹಾಕಬೇಡಿ, ಪ್ರತಿ ಸಲ ತೆಗೆಯೋಕೆ ಇಬ್ಬರು ಮೂವರ ಸಹಿ ಬೇಕಾಗಿ ಜಗಳ ಆಗುತ್ತೆ. ಯುಪಿಐನಲ್ಲಿ ದುಡ್ಡು ತಗೊಂಡಿದ್ದಕ್ಕೆ 2020ರ ಜನವರಿಯಿಂದ ವ್ಯಾಪಾರಿಗಳಿಂದ ಶುಲ್ಕ ಹಿಡಿಯುವಂತಿಲ್ಲ, ಆ ಹೆದರಿಕೆ ಬೇಡ. ಆಮೇಲೆ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ, 2020ರ ಜುಲೈನಿಂದ ಇದೆ, ಸರ್ಕಾರದ ಪೋರ್ಟಲ್‌ನಲ್ಲಿ ಪೂರ್ತಿ ಉಚಿತ. ಅದೇ ಥರ ಕಾಣುವ ಖಾಸಗಿ ವೆಬ್‌ಸೈಟ್‌ಗಳು ಸಾವಿರ ಎರಡು ಸಾವಿರ ಕೇಳ್ತವೆ, ಎಚ್ಚರ. ಆರು ತಿಂಗಳು ಎಲ್ಲ ದುಡ್ಡೂ ಅವ್ವನ ಖಾತೆಯಲ್ಲೇ ಓಡಾಡಲಿ. ಆಮೇಲೆ ಅದೇ ಬ್ಯಾಂಕಿಗೆ ಹೋಗಿ ಮುದ್ರಾ ಕೇಳಿ, ಅದು ಸಣ್ಣ ವ್ಯಾಪಾರಕ್ಕೆ ಇರುವ ಸರ್ಕಾರಿ ಯೋಜನೆಯ ಸಾಲ. 50 ಸಾವಿರದವರೆಗೆ ಶಿಶು, ಅದರ ಮೇಲೆ 5 ಲಕ್ಷದವರೆಗೆ ಕಿಶೋರ. ನಿಮ್ಮ ಮಷೀನ್ ಕಿಶೋರದಲ್ಲಿ ಬರುತ್ತೆ.

ಇನ್ನೊಂದು ಭಯ ಎಲ್ಲರಿಗೂ ಇದೆ, ಯುಪಿಐ ತಗೊಂಡರೆ ಜಿಎಸ್‌ಟಿ ನೋಟಿಸ್ ಬರುತ್ತೆ ಅಂತ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕಿತ್ತು "ನಗದು ಮಾತ್ರ" ಅಂತ ಬೋರ್ಡ್ ಹಾಕಿದ್ದು ನೀನೂ ನೋಡಿರಬಹುದು. ರಾಜ್ಯದೊಳಗೆ ಸಾಮಾನು ಮಾರುವವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಾದ ಮಿತಿ ವರ್ಷಕ್ಕೆ 40 ಲಕ್ಷ. ನಿಮ್ಮದು ವಾರಕ್ಕೆ 1,200 ರೊಟ್ಟಿ, 8 ರೂಪಾಯಿ. ವರ್ಷಕ್ಕೆ 5 ಲಕ್ಷ. ಚಟ್ನಿ ಸೇರಿಸಿದರೂ 40 ಲಕ್ಷ ಎಲ್ಲಿ, ನೀವೆಲ್ಲಿ. ಆರಾಮಾಗಿರಿ. ಪುಣೆಗೆ, ಅಂದ್ರೆ ಹೊರ ರಾಜ್ಯಕ್ಕೆ ಮಾರೋದಕ್ಕೆ ಮಾತ್ರ ನಿಯಮ ಬೇರೆ, ಅದನ್ನ ತಿಳಿದವರನ್ನ ಕೇಳಿಕೊಳ್ಳಿ.

ಇಳಕಲ್_ಸೆರಗು

ದೊಡ್ಡ ಶಾಪಿಂಗ್ ಆ್ಯಪ್ ಬಗ್ಗೆ ನಾನು ಹೇಳ್ತೀನಿ, ನಮ್ಮ ಮನೆಯಲ್ಲಿ ಇಳಕಲ್ ಸೀರೆ ನೇಯುತ್ತೇವೆ.

ಒಂದು ಆ್ಯಪ್‌ನಲ್ಲಿ ಎಂಟು ತಿಂಗಳು ಹಾಕಿದ್ದೆ. ಹೆಸರು ಬೇಡ. ಅಲ್ಲಿ "ಇಳಕಲ್ ಸೀರೆ" ಅಂತ ಹುಡುಕಿದರೆ ಮೊದಲು ಬರೋದು 400 ರೂಪಾಯಿಯ ಪವರ್‌ಲೂಮ್ ಪಾಲಿಸ್ಟರ್. ನಮ್ಮ ಕೈಮಗ್ಗದ್ದು ಎಲ್ಲೋ ಕೆಳಗೆ. ಕಮಿಷನ್, ಕೊರಿಯರ್, ಎಲ್ಲ ಕಳೆದು ಉಳಿದದ್ದು ಕಡಿಮೆ. ಅದಾದರೂ ಹೋಗಲಿ, ರಿಟರ್ನ್! ಒಂದು ಸೀರೆ ವಾಪಸ್ ಬಂತು, ಸೆರಗಿಗೆ ಅರಿಶಿನದ ಕಲೆ, ಮಡಿಕೆ ಬಿಚ್ಚಿದರೆ ಒಳಗೊಂದು ಪಿನ್. ಯಾರೋ ಮದುವೆ ಮುಗಿಸಿಕೊಂಡು ಕಳಿಸಿದ್ದಾರೆ. ಫೋಟೋ ಹಾಕಿ ದೂರು ಕೊಟ್ಟೆ, ಮಷೀನ್ ಬರೆದಂಥ ಉತ್ತರ ಬಂತು, ಅಷ್ಟೇ.

ನನಗೆ ಕೈ ಹಿಡಿದದ್ದು ವಿಡಿಯೋ ಕಾಲ್. ಗಿರಾಕಿಗೆ ಮಗ್ಗದ ಮುಂದೆ ಕೂತು ತೋರಿಸುತ್ತೇನೆ. ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕೋದನ್ನ ತೋರಿಸಿದ ಮೇಲೆ ಯಾರೂ ರೇಟು ಕಡಿಮೆ ಮಾಡಿ ಅನ್ನಲ್ಲ. ಅಕ್ಕಾ, ನೀವೂ ಅವ್ವ ರೊಟ್ಟಿ ಬಡಿಯೋದನ್ನ ಅರ್ಧ ನಿಮಿಷ ವಿಡಿಯೋ ಮಾಡಿ ಸ್ಟೇಟಸ್‌ಗೆ ಹಾಕಿ. ಹಾಡು ಗೀಡು ಹಾಕಬೇಡಿ, ಆ ಪಟಪಟ ಸದ್ದು ಸಾಕು.

ಆದರೂ ಆ್ಯಪ್‌ಗೆ ಹೋಗಲೇಬೇಕು ಅಂದ್ರೆ ಒಂದು ತಿಳ್ಕೊಳ್ಳಿ. ಮೊದಲು ಜಿಎಸ್‌ಟಿ ನಂಬರ್ ಇಲ್ಲದೆ ಆನ್‌ಲೈನ್ ಆ್ಯಪ್‌ಗಳಲ್ಲಿ ಸಾಮಾನು ಮಾರೋ ಹಾಗೇ ಇರಲಿಲ್ಲ, ಎಷ್ಟೇ ಸಣ್ಣ ವ್ಯಾಪಾರ ಇದ್ದರೂ. 2023ರ ಅಕ್ಟೋಬರ್ 1ರಿಂದ ಮಿತಿಯೊಳಗಿನವರು ಪ್ಯಾನ್ ಇಟ್ಟು ಒಂದು ಎನ್‌ರೋಲ್‌ಮೆಂಟ್ ನಂಬರ್ ತಗೊಂಡು ಮಾರಬಹುದು. ಆದರೆ ರಾಜ್ಯದೊಳಗೆ ಮಾತ್ರ. ನಿಮ್ಮ ಪುಣೆ ಗಿರಾಕಿಗಳಿಗೆ ಅದರಲ್ಲಿ ಆಗಲ್ಲ.

ಢಾಕಾ_ರಿಟರ್ನ್

ಸ್ವಲ್ಪ ದೂರದ ಮಾತು, ಆದರೆ ಸಂಬಂಧ ಇದೆ. ನಾನು ಗಾರ್ಮೆಂಟ್ಸ್ ಲೈನ್‌ನಲ್ಲಿ ಬಾಂಗ್ಲಾದೇಶದಲ್ಲಿ ಆರು ವರ್ಷ ಇದ್ದೆ. ಅಲ್ಲಿ 1997ರಲ್ಲಿ ಗ್ರಾಮೀಣ್ ಬ್ಯಾಂಕಿನವರು ಹಳ್ಳಿ ಹೆಂಗಸರಿಗೆ ಸಾಲ ಕೊಟ್ಟು ಮೊಬೈಲ್ ಕೊಡಿಸಿದರು. ಆಗ ಊರಿಗೆಲ್ಲ ಅದೊಂದೇ ಫೋನ್. ಗಲ್ಫ್‌ನಲ್ಲಿರೋ ಮಗ ಕರೆ ಮಾಡಿದರೆ ತಾಯಿ ಇವಳ ಮನೆಗೇ ಬರಬೇಕು, ನಿಮಿಷಕ್ಕೆ ಇಷ್ಟು ಅಂತ ಕೊಡಬೇಕು. ಪಲ್ಲಿ ಫೋನ್ ಅಂತಿದ್ದರು. ಒಳ್ಳೇ ಸಂಪಾದನೆ ಇತ್ತು, ಪ್ರಪಂಚದ ಪತ್ರಿಕೆಗಳಲ್ಲೆಲ್ಲ ಆ ಹೆಂಗಸರ ಫೋಟೋ ಬಂತು. ಹತ್ತು ವರ್ಷ ಆಗೋದರೊಳಗೆ ಮನೆಮನೆಗೆ ಅಗ್ಗದ ಮೊಬೈಲ್ ಬಂತು. ಆ ಸಂಪಾದನೆ ಕರಗಿಹೋಯ್ತು. ನಮ್ಮ ಆಫೀಸಿನಲ್ಲಿ ಚಹಾ ಕೊಡುತ್ತಿದ್ದ ಹುಡುಗನ ಚಿಕ್ಕಮ್ಮ ಹಾಗೆ ಫೋನ್ ಇಟ್ಟುಕೊಂಡಿದ್ದವರು. ನಾನು ಅವರ ಮನೆಗೆ ಹೋದಾಗ ಆ ಹಳೇ ಫೋನ್ ಷೋಕೇಸಿನಲ್ಲಿ ಪ್ಲಾಸ್ಟಿಕ್ ಹೂವಿನ ಪಕ್ಕ ಇತ್ತು. ಅವರು ಮಾತ್ರ ಆ ದುಡ್ಡಿನಲ್ಲಿ ಎರಡು ಹಸು ತಗೊಂಡು ಹಾಲು ಹಾಕುತ್ತಿದ್ದರು. ಹಸು ಉಳೀತು.

ನಿಮ್ಮ ಅವ್ವನ ಹತ್ತಿರ ಹಸು ಮೊದಲೇ ಇದೆ, ರೊಟ್ಟಿ. ಹಾಗಾಗಿ ಯಾವ ಆ್ಯಪ್ ಅಂತ ಜಾಸ್ತಿ ತಲೆ ಕೆಡಿಸ್ಕೋಬೇಡಿ. ಗಿರಾಕಿಗಳ ಹೆಸರು, ನಂಬರ್ ಮಾತ್ರ ಒಂದು ನೋಟ್‌ಬುಕ್ಕಿನಲ್ಲೂ ಇರಲಿ.

ಧಾರವಾಡ_ಹೋಳಿಗೆ_ಅಕ್ಕ

ಅಣ್ಣಾ, ರೊಟ್ಟಿ ಕೇಳಿದ್ರೆ ಢಾಕಾ ಸುತ್ತಿಸಿಕೊಂಡು ಬಂದ್ರಿ! ಆದರೆ ನೋಟ್‌ಬುಕ್ ಮಾತು ನೂರಕ್ಕೆ ನೂರು ನಿಜ. ನನ್ನ ಫೋನ್ ಸಾಂಬಾರ್ ಪಾತ್ರೆಗೆ ಬಿದ್ದ ದಿನ ಗೊತ್ತಾಯ್ತು.

ಸುಮ್ನೆ_ಕೇಳ್ತೀನಿ

ಎಲ್ಲ ಸರಿ. ಮೂರು ಗಂಟೆಗೆ ಎದ್ದು ರೊಟ್ಟಿ ಬಡಿದು, ಮನೆ ಕೆಲಸ ಮುಗಿಸಿ, ಆಮೇಲೆ ಆ ತಾಯಿ ಕ್ಯಾಟಲಾಗ್, ಲೇಬಲ್, ಉದ್ಯಮ್, ವಿಡಿಯೋ ಎಲ್ಲ ಕಲೀಬೇಕಾ? ಇಲ್ಲಿ ಯಾರಾದರೂ ಅವರಿಗೆ ಟೈಮ್ ಎಲ್ಲಿದೆ ಅಂತ ಕೇಳಿದಿರಾ? ಮೊದಲು ಮನೆಯ ಗಂಡಸರು ನೀರು ತುಂಬಿಸಲಿ.

ಒಕ್ಕೂಟದ_ಎಂಬಿಕೆ

ಮೇಲಿನವರು ಕೋಪದಲ್ಲಿ ಹೇಳಿದರೂ ಸರಿಯಾಗಿಯೇ ಹೇಳಿದ್ದಾರೆ. ನಾನು ಸಂಜೀವಿನಿ ಒಕ್ಕೂಟದಲ್ಲಿ, ಅಂದ್ರೆ ಮಹಿಳಾ ಸಂಘಗಳ ಒಕ್ಕೂಟದಲ್ಲಿ, ಲೆಕ್ಕದ ಪುಸ್ತಕ ಬರೆಯುವವಳು, ಹೆಂಗಸರಿಗೆ ಫೋನ್ ಹೇಳಿಕೊಡುವ ಕೆಲಸವೂ ನನ್ನ ಪಾಲಿಗೇ ಬಂದಿದೆ. ನಾನು ಕಂಡದ್ದು, ಬುದ್ಧಿ ಇಲ್ಲದೆ ಯಾರೂ ಹಿಂದೆ ಬೀಳಲ್ಲ. ಬೆರಳು ಇಟ್ಟರೆ ಏನೋ ಕೆಟ್ಟುಹೋಗುತ್ತೆ, ಮನೆಯವರು ಬೈತಾರೆ ಅನ್ನೋ ಹೆದರಿಕೆ. ಫೋನ್ ಇನ್ನೊಬ್ಬರದಾದಾಗ ಆ ಹೆದರಿಕೆ ಜಾಸ್ತಿ. ಸಂಜೆಯಾದರೆ ಮಕ್ಕಳು ಕಿತ್ತುಕೊಂಡು ವಿಡಿಯೋ ನೋಡಿ ಡೇಟಾ ಖಾಲಿ ಮಾಡಿರ್ತಾರೆ, ಅದು ಬೇರೆ.

ಟೈಪ್ ಮಾಡೋದು ಕಲಿಸಬೇಡಿ. ಕೀಬೋರ್ಡಿನ ಮೈಕ್ ಒತ್ತಿ ಕನ್ನಡದಲ್ಲಿ ಮಾತಾಡಿದರೆ ಅಕ್ಷರ ತಾನೇ ಬರುತ್ತೆ. ನಮ್ಮ ಕಡೆಯ ಮಾತು ಅದಕ್ಕೆ ಕೆಲವು ಸಲ ತಿಳಿಯಲ್ಲ, "ಖಡಕ್" ಅಂದ್ರೆ "ಕಡಕು" ಅಂತ ಬರೆಯುತ್ತೆ, ನಕ್ಕು ಮುಂದೆ ಹೋಗಿ.

ಮೋಸದ ವಿಷಯ ಮೊದಲ ದಿನವೇ ಹೇಳಿಕೊಡಿ. ನಮ್ಮ ಒಬ್ಬ ಸದಸ್ಯೆಗೆ ದುಡ್ಡು ಹಾಕಿದ ಹಾಗೆ ಸುಳ್ಳು ಸ್ಕ್ರೀನ್‌ಶಾಟ್ ಕಳಿಸಿ 3,600 ರೂಪಾಯಿ ಉಪ್ಪಿನಕಾಯಿ ತಗೊಂಡು ಹೋದರು. ಚಿತ್ರ ನೋಡಿ ಸಾಮಾನು ಕೊಡಬಾರದು, ನಮ್ಮ ಖಾತೆ ನೋಡಿ ಕೊಡಬೇಕು. ದುಡ್ಡು ಬರೋದಕ್ಕೆ ಪಿನ್ ಹಾಕೋ ಅವಶ್ಯಕತೆ ಎಂದೂ ಇಲ್ಲ, ಪಿನ್ ಕೇಳಿದರೆ ದುಡ್ಡು ಹೋಗ್ತಿದೆ ಅಂತ ಅರ್ಥ. ಹಾಗೇನಾದರೂ ಆದರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಈ ನಂಬರನ್ನ ಹಿಟ್ಟಿನ ಡಬ್ಬಿ ಮೇಲೆ ಬರೆಸಿ ಇಟ್ಟಿದ್ದೇವೆ.

ಇನ್ನು ಟೈಮ್ ವಿಷಯ. ಆರು ಜನರಲ್ಲಿ ಚಿಕ್ಕವಳು ಯಾರಿದ್ದಾಳೆ? ಅವಳಿಗೆ ಫೋನ್ ಕೆಲಸ ಕೊಡಿ, ಅವಳ ರೊಟ್ಟಿ ಕಡಿಮೆ ಮಾಡಿ. ಆದರೆ ಕೂಲಿ ಕಡಿಮೆ ಮಾಡಬೇಡಿ. ಬಹಳ ಗುಂಪು ಒಡೆಯೋದು ಇಲ್ಲೇ. "ಅಕಿ ಕುಂತು ಫೋನ್ ನೋಡ್ತಾಳ, ನಾವು ಹೊಗಿಯೊಳಗ ಸಾಯ್ತೀವಿ" ಅಂತ ಮಾತು ಶುರುವಾಗುತ್ತೆ.

ಬಾದಾಮಿ_ಹುಡುಗಿ

ಎರಡು ತಿಂಗಳ ಮೇಲೆ ಬರೀತಿದ್ದೇನೆ, ಕ್ಷಮಿಸಿ. ಎಲ್ಲರಿಗೂ ಹೇಳಬೇಕಿತ್ತು.

ವೆಬ್‌ಸೈಟ್ ಹುಡುಗನಿಗೆ ಬೇಡ ಅಂದೆ. ಎರಡು ದಿನ ಮುನಿಸಿಕೊಂಡ, ಆಮೇಲೆ ಅವನೇ ಐವತ್ತು ರೊಟ್ಟಿ ಆರ್ಡರ್ ಮಾಡಿದ.

ಅವ್ವನ ಹೆಸರಲ್ಲಿ ಸಿಮ್ ಆಯ್ತು. ಅದಕ್ಕೊಂದು ಸೆಕೆಂಡ್ ಹ್ಯಾಂಡ್ ಫೋನ್. ಖಾತೆಗೆ ಹೊಸ ನಂಬರ್ ಜೋಡಿಸೋಕೆ ಮೂರು ಸಲ ಬ್ಯಾಂಕಿಗೆ ಅಲೆದಾಡಬೇಕಾಯ್ತು. ಆಧಾರ್‌ನಲ್ಲಿ ಅವ್ವನ ಹೆಸರಿಗೆ ಒಂದು ಅಕ್ಷರ ಜಾಸ್ತಿ, ಪಾಸ್‌ಬುಕ್ಕಿನಲ್ಲಿ ಕಡಿಮೆ. ಅಪ್ಪ ಮೊದಲು "ಮನ್ಯಾಗ ಎರಡು ಫೋನ್ ಯಾಕ?" ಅಂದರು, ಈಗ ಅವರ ಫೋನ್ ರಾತ್ರಿ ಹನ್ನೊಂದಕ್ಕೆ ರೊಟ್ಟಿ ಕೇಳಿ ಬಡಿದುಕೊಳ್ಳಲ್ಲ ಅಂತ ಆರಾಮಾಗಿದ್ದಾರೆ. ನೀರು ಮಾತ್ರ ಇನ್ನೂ ಅವ್ವನೇ ತುಂಬಿಸ್ತಾಳೆ, ಆ ಪ್ರಶ್ನೆ ಕೇಳಿದವರಿಗೆ ಹೇಳ್ತಿದ್ದೇನೆ.

ಫೋನ್ ಕೆಲಸ ಪಕ್ಕದ ಮನೆಯ ಸೊಸೆಗೆ, ಪಿಯುಸಿ ಮಾಡಿದ್ದಾಳೆ. ಕೂಲಿ ಎಲ್ಲರಷ್ಟೇ ಅಂತ ಮೊದಲೇ ನೋಟ್‌ಬುಕ್ಕಿನಲ್ಲಿ ಬರೆದು ಆರೂ ಜನರ ಸಹಿ ಹಾಕಿಸಿದೆ. ಆದರೂ ಒಬ್ಬ ಅತ್ತಿ ಒಂದು ವಾರ ಮಾತು ಬಿಟ್ಟಿದ್ದರು. ನೂರು ಪಾರ್ಸೆಲ್‌ಗೆ ವಿಳಾಸ ಬರೆದು ಬೆರಳು ನೋಯಿಸಿಕೊಂಡಿದ್ದನ್ನ ಕಣ್ಣಾರೆ ಕಂಡ ಮೇಲೆ ಸರಿಯಾದರು. ಸಾಲಕ್ಕೆ ಇನ್ನೂ ನಾಲ್ಕು ತಿಂಗಳು ಕಾಯ್ತೇವೆ, ಕ್ಯಾಷಿಯರ್ ಸರ್ ಹೇಳಿದ ಹಾಗೆ.

ದುಡ್ಡು ಬಂದರೆ ಕನ್ನಡದಲ್ಲಿ ಕೂಗಿ ಹೇಳುವ ಆ ಸೌಂಡ್ ಬಾಕ್ಸ್ ತಂದು ಒಲೆ ಪಕ್ಕದ ಮಾಡದಲ್ಲಿ ಇಟ್ಟಿದ್ದೇವೆ. ಮೊದಲ ದಿನ ಕೆಲಸ ಮಾಡುತ್ತೋ ಇಲ್ಲವೋ ನೋಡೋಣ ಅಂತ ತಮ್ಮ ಸ್ಕ್ಯಾನ್ ಮಾಡಿದ. ಅವನ ಫೋನಿನಲ್ಲಿ ಅವ್ವನ ಪೂರ್ತಿ ಹೆಸರು ಬಂತು, ಅಡ್ಡಹೆಸರಿನ ಸಮೇತ. ಓದಿ ಹೇಳಿದ. ಒಂದು ರೂಪಾಯಿ ಹಾಕಿದ. ಡಬ್ಬಿ "ಒಂದು ರೂಪಾಯಿ" ಅಂತ ಕೂಗಿತು. ಆರೂ ಜನ ಬಡಿಯೋದು ನಿಲ್ಲಿಸಿ ನಕ್ಕರು. ತಮ್ಮ ಆ ರೂಪಾಯಿ ವಾಪಸ್ ಕಳಿಸು ಅಂದ.

"ವ್ಯಾಪಾರದಾಗ ಬಂದದ್ದು ವಾಪಸ್ ಕೊಡಂಗಿಲ್ಲ. ಬೇಕಂದ್ರ ಒಂದು ರೂಪಾಯಿ ಚಟ್ನಿ ನೆಕ್ಕು" ಅಂದಳು ಅವ್ವ.